ಬಿಡದಿಯ ಗ್ಯಾಸೂ ನಮ್ಮ ಹಟ್ಟಿಯ ಲೆಕ್ಕವೂ

ರಾತ್ರಿ ಕೂಟಗಲ್ಲಿನ ಬಂಡೆ ಹತ್ತಿ ಮೂಡಲಿಗೆ ಮುಖ ಮಾಡಿ ನಿಂತರೆ ಆಕಾಶ ಬೆಳ್ಳಗೆ ಕಾಣುತ್ತದೆ. ಅದು ಬೆಂಗಳೂರಿನ ಬೆಳಕು. ಆ ಬೆಳಕಿನ ಚರಿತ್ರೆಯಲ್ಲಿ ದಿವಾನರ ಹೆಸರಿದೆ, ಎಂಜಿನಿಯರುಗಳ ಹೆಸರಿದೆ. ಕಂಬ ಹೊತ್ತವರ, ಗುಂಡಿ ತೋಡಿದವರ ಹೆಸರಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ನಾವು ನಮ್ಮ ಹಟ್ಟಿಯ ಬಾಗಿಲಲ್ಲಿ ಕೂತು ಓದಬೇಕಾಗಿದೆ.

ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಬ್ರಿಟಿಷ್ ಕಂಪನಿಯ ಯಂತ್ರ ತಿರುಗಿಸಲು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಬಡವರ ಗುಡಿಸಲಿಗೆ ಒಂದೇ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಬಂದದ್ದು 1979ರ ಹೊತ್ತಿಗೆ. ಕೋಲಾರಕ್ಕೆ ಒಂದು ದಿನದಲ್ಲಿ ಹೋದ ಕರೆಂಟು ಊರಾಚೆಯ ಕೇರಿಗೆ ಬರೋಕೆ ಮುಕ್ಕಾಲು ಶತಮಾನ ಹಿಡಿಯಿತು.

ಆಮೇಲೆ ಗ್ಯಾಸಿನ ಮಾತು ಬಂತು. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ನಮ್ಮ ಮಗ್ಗುಲಿನ ಬಿಡದಿಯಲ್ಲಿ 1400 ಮೆಗಾವಾಟಿನ ಗ್ಯಾಸ್ ಸ್ಥಾವರದ ಯೋಜನೆ ಹಾಕಿಕೊಂಡಿತ್ತು. ರಾಯಚೂರಿನ ಕಲ್ಲಿದ್ದಲು ಸ್ಥಾವರದ ಹಾಗೆ ಬೂದಿ ಸುರಿಯಲ್ಲ, ಇದು ಶುದ್ಧ ಅಂದರು. ಅದರಲ್ಲಿ ನಿಜ ಇದೆ, ಇಲ್ಲವೆನ್ನಲಾರೆವು. ಗ್ಯಾಸು ಉರಿದು ಒಂದು ಚಕ್ರ ತಿರುಗಿಸುತ್ತದೆ. ಹೊರಬರುವ ಬಿಸಿಗಾಳಿ ನೀರು ಕಾಯಿಸಿ ಆ ಆವಿಯಿಂದ ಇನ್ನೊಂದು ಚಕ್ರ ತಿರುಗುತ್ತದೆ. ಅಷ್ಟೇ ಕರೆಂಟಿಗೆ ಕಲ್ಲಿದ್ದಲು ಬಿಡುವ ಇಂಗಾಲದ ಸುಮಾರು ಅರ್ಧದಷ್ಟನ್ನು ಮಾತ್ರ ಇದು ಬಿಡುತ್ತದೆ. ಆದರೆ ಕಣ್ಣಿಗೆ ಕಾಣದ್ದೆಲ್ಲ ಇಲ್ಲದ್ದಲ್ಲ. ಉರಿಯ ಬಿಸಿಗೆ ನೈಟ್ರೋಜನ್ ಆಕ್ಸೈಡುಗಳು ಹುಟ್ಟುತ್ತವೆ. ಬಿಸಿಲಿನಲ್ಲಿ ಅವೇ ಓಜೋನಿಗೆ ದಾರಿಯಾಗಿ ಎದೆಗೂ ಬೆಳೆಗೂ ಕೇಡು ಮಾಡುತ್ತವೆ. ಆವಿಗೆ, ತಂಪು ಮಾಡೋಕೆ ನೀರು ಬೇಕು. ಉರಿಯದೆ ಸೋರಿಹೋಗುವ ಮೀಥೇನ್ ಅಂತೂ, ನೂರು ವರ್ಷದ ಲೆಕ್ಕ ಹಿಡಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ.

ದಾಭೋಳದಿಂದ ಸುಮಾರು ಸಾವಿರ ಕಿಲೋಮೀಟರ್ ಕೊಳವೆ 2013ರಲ್ಲಿ ಬಿಡದಿಯವರೆಗೂ ಬಂತು. ಸ್ಥಾವರ ಮಾತ್ರ ಏಳಲಿಲ್ಲ. ದೇಶದ ಗ್ಯಾಸು ಸಾಲದು, ಹಡಗಿನಲ್ಲಿ ತರುವ ಗ್ಯಾಸು ದುಬಾರಿ. ಇಂಥ ಕೊಳವೆಗೆ 1962ರ ಒಂದು ಕಾಯ್ದೆ ಇದೆ. ಅದರ ಪ್ರಕಾರ ಜಮೀನು ರೈತನದೇ ಉಳಿಯುತ್ತದೆ. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ನೆಡಬಾರದು. ಅದಕ್ಕೆ ಜಮೀನಿನ ಬೆಲೆಯ ನೂರಕ್ಕೆ ಹತ್ತು ಪಾಲು, ಜೊತೆಗೆ ಬೆಳೆನಷ್ಟ. ಇದೂ ಜಮೀನಿನಲ್ಲಿ ಹಕ್ಕು ತೋರಿಸುವವನಿಗೆ. ಆ ಹೊಲದಲ್ಲಿ ಕಳೆ ಕಿತ್ತವಳಿಗೆ, ಬದುವಿನಲ್ಲಿ ಆಡು ಮೇಯಿಸಿದವನಿಗೆ ಯಾವ ಪಹಣಿ ಐತೆ? ನಮ್ಮ ಹಟ್ಟಿಯ ಅಜ್ಜಿಯೊಬ್ಬಳು ಕೇಳಿದಳು: "ಗ್ಯಾಸು ನೆಲದೊಳಗೆ ಹೋಯ್ತದಂತೆ, ಕರೆಂಟು ತಲೆ ಮೇಲೆ ಹೋಯ್ತದಂತೆ. ನಡುವೆ ಇರೋ ನಮ್ಗೇನಪ್ಪಾ?"

ನಡುವೆ ಇರುವ ನಮಗೆ ಏನೂ ಬರಲಿಲ್ಲ ಅನ್ನುವಂತಿಲ್ಲ. ವೃಷಭಾವತಿ ಬೆಂಗಳೂರಿನ ಕೊಳಚೆ, ಕಾರ್ಖಾನೆಯ ವಿಷ ಹೊತ್ತು ಬೈರಮಂಗಲದ ಕೆರೆಗೆ ಬಂತು. ದಿನಕ್ಕೆ 600 ಟನ್ ಕಸ ಸುಟ್ಟು 11.5 ಮೆಗಾವಾಟ್ ತೆಗೆಯುವ ಘಟಕಕ್ಕೆ 2020ರ ಡಿಸೆಂಬರಿನಲ್ಲಿ ಬಿಡದಿಯಲ್ಲೇ ಅಡಿಗಲ್ಲು ಬಿತ್ತು. ಬೆಳಕು ಅಲ್ಲಿಗೆ, ಹೊಲಸು ಇಲ್ಲಿಗೆ. ಊರೊಳಗಿನ ಹೊಲಸನ್ನು ಊರಾಚೆಯ ಕೇರಿಗೆ ಹೊರಿಸಿದ ಹಳೇ ಜಾತಿಪದ್ಧತಿಯೇ ಈಗ ನಗರ ಮತ್ತು ಹಳ್ಳಿಯ ನಡುವೆ ನಿಂತಿದೆ. ಆ ಹಳ್ಳಿಯೊಳಗೂ ಮತ್ತೆ ಒಂದು ಕೇರಿ ಇದೆ ಎಂಬುದನ್ನು ಮರೆಯಬಾರದು.

ಗ್ಯಾಸ್ ಸ್ಥಾವರ ಎದ್ದದ್ದು ಯಲಹಂಕದಲ್ಲಿ, 370 ಮೆಗಾವಾಟಿನದು. 2020ರ ಅಕ್ಟೋಬರಿನಲ್ಲಿ ಅಲ್ಲಿ ಬೆಂಕಿ ಬಿದ್ದು ಕೆಲಸದಲ್ಲಿದ್ದವರು ಸುಟ್ಟುಕೊಂಡರು. 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಸುತ್ತಲಿನ ಬಡಾವಣೆಯವರು ಗಾಳಿಯ ಬಗ್ಗೆ, ಪುಟ್ಟೇನಹಳ್ಳಿ ಕೆರೆಯ ಹಕ್ಕಿಗಳ ಬಗ್ಗೆ ತಕರಾರೆತ್ತಿದರು. ಎತ್ತಲೇಬೇಕಾದ ತಕರಾರು ಅದು. ಅವರಿಗೆ ಅರ್ಜಿ ಬರೆಯಲು ಬರುತ್ತಿತ್ತು. ನಮಗೆ?

ನಮಗೂ ಒಂದು ದಾರಿ ಇದೆ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಇಂಥ ದೊಡ್ಡ ಯೋಜನೆಗೆ ಜನರ ಅಹವಾಲು ಸಭೆ ನಡೆಸಬೇಕು. ವರದಿಯ ಸಾರಾಂಶ ನಮ್ಮ ಭಾಷೆಯಲ್ಲಿರಬೇಕು. ಸಭೆ ಮುಗಿಯುವಾಗ, ಬರೆದುಕೊಂಡದ್ದನ್ನು ಜನರೆದುರಿಗೆ ಓದಿ ಹೇಳಬೇಕು. ಅಲ್ಲಿ ಮಾತಾಡಲು ಪಹಣಿ ಬೇಕಿಲ್ಲ.

ನಾವು ಕರೆಂಟು ಬೇಡ ಅನ್ನೋ ಜನ ಅಲ್ಲ. ಅದು ತಡವಾಗಿ ಸಿಕ್ಕವರು ನಾವು, ಅದರ ಬೆಲೆ ಬಲ್ಲೆವು. ಬಿಡದಿಯ ಕಡತಕ್ಕೆ ನಾಳೆ ಮತ್ತೆ ಜೀವ ಬಂದರೆ ಆ ಸಭೆಗೆ ನಮ್ಮ ಹಟ್ಟಿಯೂ ಹೋಗಬೇಕು. ಎಷ್ಟು ಕೂಲಿ ಹೋಗುತ್ತದೆ, ಎಷ್ಟು ಮೇವು ಹೋಗುತ್ತದೆ, ಯಾರ ಬಾವಿಯ ನೀರು ಹೋಗುತ್ತದೆ ಅಂತ ಬರೆಸಬೇಕು. ಬರೆದದ್ದನ್ನು ಓದಿಸಿ ಕೇಳದೆ ಎದ್ದು ಬರಬಾರದು.