ಇಮೇಲ್ ವಿಳಾಸ ಮರೆಮಾಚುವಿಕೆ

ಅಂತರಜಾಲದಲ್ಲಿ ಪ್ರಕಟವಾದ ಇಮೇಲ್ ವಿಳಾಸಗಳು ಸ್ಪ್ಯಾಮ್ ಕಳುಹಿಸುವವರ ಕೈಸೇರದಂತೆ ಅವುಗಳ ರೂಪವನ್ನು ಬದಲಿಸುವ ಕ್ರಮ. 1990ರ ದಶಕದಲ್ಲಿ ಯೂಸ್‌ನೆಟ್ ಚರ್ಚಾಗುಂಪುಗಳಲ್ಲಿ ರೂಢಿಗೆ ಬಂತು. ವಿಳಾಸ ಸಂಗ್ರಹಿಸುವ ತಂತ್ರಾಂಶಗಳು ಪುಟದಿಂದ ಪುಟಕ್ಕೆ ಸಾಗುತ್ತ @ ಚಿಹ್ನೆಯ ಎರಡೂ ಬದಿಯ ಅಕ್ಷರಗಳನ್ನು ಹೆಕ್ಕುತ್ತವೆ. ಆದ್ದರಿಂದ ಚಿಹ್ನೆ, ಚುಕ್ಕಿಗಳ ಬದಲು ‘ಅಟ್’, ‘ಡಾಟ್’ ಎಂದು ಬರೆಯುವುದು ಅತಿ ಸರಳ ಉಪಾಯ. ಭಾರತದ ಅನೇಕ ಸರ್ಕಾರಿ ಜಾಲತಾಣಗಳಲ್ಲಿ ಈ ಪದಗಳು ಚೌಕ ಆವರಣದೊಳಗೆ ಕಾಣುತ್ತವೆ. ಆದರೆ ಇವನ್ನು ಮರಳಿ ವಿಳಾಸವಾಗಿಸುವುದು ತಂತ್ರಾಂಶಕ್ಕೆ ಕಷ್ಟವಲ್ಲ. ಜಾವಾಸ್ಕ್ರಿಪ್ಟ್ ಮೂಲಕ ವಿಳಾಸವನ್ನು ಓದುಗರ ಬ್ರೌಸರ್‌ನಲ್ಲೇ ಜೋಡಿಸುವುದು ಹೆಚ್ಚು ಭದ್ರ. ಚಿತ್ರವಾಗಿ ಹಾಕಿದ ವಿಳಾಸ, ಸ್ಕ್ರೀನ್ ರೀಡರ್ ಬಳಸುವ ಅಂಧರಿಗೂ ದಕ್ಕದೆ ಹೋಗಬಹುದು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆಯಡಿ, ಹೀಗೆ ಹೆಕ್ಕಿದ ವಿಳಾಸಗಳಿಗೆ ಕಾನೂನುಬಾಹಿರ ಸ್ಪ್ಯಾಮ್ ಕಳುಹಿಸಿದರೆ ಉಲ್ಲಂಘನೆಯ ಗಂಭೀರತೆ ಹೆಚ್ಚುತ್ತದೆ.