ಐಸಿಯು ಬಾಗಿಲ ಹೊರಗೆ ಕೂತವರ ಕಾನೂನು

1/5
ಶಿವಮೊಗ್ಗದಿಂದ ಸಾಗರ, ಜೋಗ ದಾಟಿ ಘಟ್ಟ ಇಳಿದ್ರೆ ಹೊನ್ನಾವರ. ಅಲ್ಲೇ ಪಕ್ಕದ ಹಳದೀಪುರದವರು ಅರುಣಾ ಶಾನಭಾಗ್, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಅಲ್ಲಿನ ಕೆಲಸಗಾರನೊಬ್ಬ ದಾಳಿ ಮಾಡಿ ಚೈನಿನಿಂದ ಕತ್ತು ಬಿಗಿದ. ಅರುಣಾ ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೂ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು.

2/5
ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋಗಿ, ಅರುಣಾಗೆ ಆಹಾರ ಕೊಡೋದನ್ನು ನಿಲ್ಲಿಸಲಿ ಅಂತ ಕೇಳಿದರು. ನರ್ಸ್‌ಗಳು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ಅರ್ಜಿ ವಜಾ. ಕಾರಣ ಗಮನಿಸಿ: ಅರುಣಾ ಪರವಾಗಿ ಮಾತಾಡೋ ಹಕ್ಕು ದಿನಾ ಆರೈಕೆ ಮಾಡಿದವರದ್ದು ಅಂತ ಕೋರ್ಟ್ ಹೇಳಿತು. ಜೊತೆಗೆ, ಇಂಥ ಬೇರೆ ಪ್ರಕರಣಗಳಲ್ಲಿ ಹೈಕೋರ್ಟ್ ಅನುಮತಿ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅಂತಲೂ ಹೇಳಿತು.

3/5
2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯ ಸಾವು ಬದುಕುವ ಹಕ್ಕಿನದ್ದೇ ಭಾಗ ಅಂದಿತು. ‘ಲಿವಿಂಗ್ ವಿಲ್’ಗೆ ಮಾನ್ಯತೆ ಸಿಕ್ತು. ಆದ್ರೆ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. ಯಾರು ಅಲೀತಾರೆ? 2023ರ ಜನವರಿಯಲ್ಲಿ ಅದು ಸರಳವಾಯ್ತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು.

4/5
2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಇದನ್ನು ಜಾರಿ ಮಾಡೋ ಆದೇಶ ಹೊರಡಿಸಿತು. ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು ನಮ್ಮ ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮ. ಆದೇಶದ ಪ್ರಕಾರ ವೈದ್ಯರ ಎರಡು ಮಂಡಳಿಗಳು ಬೇರೆಬೇರೆಯಾಗಿ ಒಪ್ಪಬೇಕು, ಮನೆಯವರೂ ಒಪ್ಪಬೇಕು, ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸೋದು ಇಂದಿಗೂ ಅಪರಾಧವೇ. ಗುಣವಾಗೋ ರೋಗಿಗೆ ಇದು ಅನ್ವಯಿಸಲ್ಲ.

5/5
ಭದ್ರಾವತಿಯಿಂದ ಮೆಗ್ಗಾನ್‌ಗೆ, ಅಲ್ಲಿಂದ ಮಣಿಪಾಲಕ್ಕೆ ಅಂತ ಓಡೋ ಮನೆಗಳಲ್ಲಿ ಕೊನೆಗೆ ಉಳಿಯೋದು ಒಂದೇ ಭಯ: ‘ನಾವೇ ಸಾಯಿಸಿದ್ವಿ ಅನ್ನಿಸಿಕೊಳ್ತೀವಾ?’ ಈ ಕಾನೂನು ಆ ಭಾರವನ್ನು ಒಬ್ಬರ ತಲೆ ಮೇಲಿಂದ ಇಳಿಸುತ್ತೆ. ಆದ್ರೆ ಕೂಲಿ ಬಿಟ್ಟು ಕಾಯೋ ಮಗಳಿಗೆ ರಜೆ ಕೊಡಲ್ಲ, ಸಂಬಳ ಕೊಡಲ್ಲ. ಆ ಕೆಲಸ ಇನ್ನೂ ಬಾಕಿ ಇದೆ.

ನಾವು ಬಿಕಾಂನವರು ಬ್ಯಾಂಕ್ ಫಾರಂನಲ್ಲಿ ನಾಮಿನಿ ಕಾಲಂ ಬಿಡಲ್ಲ ಅಲ್ವಾ? ಅದು ಸತ್ತ ಮೇಲಿನ ಹಣಕ್ಕೆ. ಲಿವಿಂಗ್ ವಿಲ್ ನಮಗೆ ಮಾತು ನಿಂತಾಗ ನಮ್ಮ ಪರ ಯಾರು ಮಾತಾಡಬೇಕು ಅನ್ನೋದಕ್ಕೆ. 18 ತುಂಬಿದ ಯಾರು ಬೇಕಾದ್ರೂ ಬರೀಬಹುದು, ಮನಸ್ಸು ಬದಲಾದ್ರೆ ರದ್ದೂ ಮಾಡಬಹುದು. ನೀವು ಯಾರ ಹೆಸರು ಬರೀತೀರಿ?

#ನಮ್ಮಶಿವಮೊಗ್ಗ #ಭದ್ರಾವತಿ #ಕಾನೂನಿನಕಥೆ