ಮನೆಯಲ್ಲಿದ್ದ ವಿದ್ಯೆಗೆ ಬಂದ ಕರೆ

ಕಲಿತ ವಿದ್ಯೆ ಕೈಬಿಡದೆಂದು ಹಿರಿಯರು ಹೇಳುವುದುಂಟು. ವಿದ್ಯೆಯೇನೋ ಕೈಬಿಡದು, ವಿದ್ಯೆಯುಳ್ಳವರನ್ನು ಲೋಕವೇ ಕೈಬಿಟ್ಟರೆ ಗತಿಯೇನು? ಗಣಕಯಂತ್ರದ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವಿದೆ.

ಗಣಕಯಂತ್ರವು ತಾನಾಗಿ ಏನನ್ನೂ ಮಾಡದು. ಮೊದಲು ಇದು, ಬಳಿಕ ಅದು ಎಂದು ಅದಕ್ಕೆ ಆದೇಶಗಳನ್ನು ಬರೆದುಕೊಡಬೇಕು. ಆ ಬರೆಹವೇ ಪ್ರೋಗ್ರಾಂ. 1950ರ ದಶಕದಲ್ಲಿಯೇ ಇಂಗ್ಲೆಂಡಿನ ಅನೇಕ ಹೆಂಗಸರು ಇದರಲ್ಲಿ ಪಳಗಿದ್ದರು. ಆದರೆ ಮಗು ಹುಟ್ಟಿತೆಂದರೆ ಕೆಲಸ ಬಿಡುವುದೇ ಅಂದಿನ ರೂಢಿ. ಹೀಗೆ ಪಳಗಿದ ಕೈಗಳು ಬರಿದೆ ಕುಳಿತವು.

ಸ್ಟೆಫನಿ ಶರ್ಲಿ ಎಂಬಾಕೆ 1962ರಲ್ಲಿ ಕೇವಲ 6 ಪೌಂಡು ಬಂಡವಾಳದಿಂದ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯನ್ನು ತಮ್ಮ ಮನೆಯಲ್ಲಿಯೇ ತೆರೆದರು. ಕೆಲಸ ಕೇಳಿ ಬರೆದ ಪತ್ರಗಳಿಗೆ ಉತ್ತರವೇ ಬರಲಿಲ್ಲ. ಪತಿಯ ಸಲಹೆಯಂತೆ ‘ಸ್ಟೀವ್’ ಎಂಬ ಗಂಡುಹೆಸರಿನಲ್ಲಿ ರುಜು ಹಾಕತೊಡಗಿದರು, ಉತ್ತರಗಳು ಬರತೊಡಗಿದವು! ಕೆಲಸ ಬಿಟ್ಟಿದ್ದ ಅನುಭವಿಗಳನ್ನು ಹುಡುಕಿ ಕರೆದರು. ಅವರಿಗೆ ಕಚೇರಿಯೂ ಇಲ್ಲ, ಯಂತ್ರವೂ ಇಲ್ಲ. ಕಾಗದ, ಪೆನ್ಸಿಲು, ಟೆಲಿಫೋನು ಇದ್ದರಾಯಿತು. ಮಕ್ಕಳನ್ನು ನೋಡಿಕೊಳ್ಳುತ್ತಲೇ ಬರೆದ ಆದೇಶಗಳು ಅಂಚೆಯಲ್ಲಿ ಯಂತ್ರದ ಬಳಿಗೆ ಹೋಗುತ್ತಿದ್ದವು. ಶಬ್ದವೇಗವನ್ನು ಮೀರಿ ಹಾರಿದ ಕಾಂಕಾರ್ಡ್ ವಿಮಾನದ ಹಾರಾಟ ದಾಖಲಿಸುವ ಪೆಟ್ಟಿಗೆಗೂ ಇವರೇ ಪ್ರೋಗ್ರಾಂ ಬರೆದರು.

ಮೊದಲ 300 ಮಂದಿಯಲ್ಲಿ ಗಂಡಸರು ಮೂವರೇ! 1975ರಲ್ಲಿ ಹೆಣ್ಣು ಗಂಡೆಂಬ ಭೇದವನ್ನು ನಿಷೇಧಿಸುವ ಕಾಯಿದೆ ಬಂದಿತು. ಆಗ ಹೆಂಗಸರಿಗೇ ಆದ್ಯತೆಯೆಂಬ ಈ ಸಂಸ್ಥೆಯ ನಿಯಮವೂ ಕಾಯಿದೆಗೆ ವಿರುದ್ಧವಾಗಿ, ಗಂಡಸರಿಗೂ ಬಾಗಿಲು ತೆರೆಯಬೇಕಾಯಿತು.

ನಿಮ್ಮ ಮನೆಯಲ್ಲಿಯೂ ಹೀಗೆ ಕೆಲಸ ಬಿಟ್ಟ ಮಗಳೋ ಸೊಸೆಯೋ ಇದ್ದಾರು. ಆಕೆಯ ವಿದ್ಯೆಗೆ ಇನ್ನೂ ಬೆಲೆಯುಂಟೆಂಬುದನ್ನು ಮರೆಯದಿರಿ.